ಎಡಗಡೆಯ ಭರಣಿ

ಕಡ್ಡಿ ಗೀರಿದರೆ ತುದಿಯ ಮದ್ದು ಮೆತ್ತಗೆ ಉಜ್ಜಿಹೋಯಿತೇ ಹೊರತು ಹೊತ್ತಿಕೊಳ್ಳಲಿಲ್ಲ, ಇನ್ನೊಂದು, ಅದರದ್ದೂ ಅದೇ ಹಣೆಬರಹ, ಈ ಡೊಂಬಿವಲಿಯ ಮಳೆಗಾಲದಲ್ಲಿ ಬೆಂಕಿಗೂ ನೆಗಡಿ ಎಂದುಕೊಂಡು ಹರಿಣಾಕ್ಷಿ ಪೆಟ್ಟಿಗೆಯನ್ನು ಸೆರಗಿಗೆ ಉಜ್ಜಿದಳು, ದೇವರ ಮುಂದೆ ಬತ್ತಿ ಕಾಯುತ್ತಿದೆ, ಮನೆಗಳ ಮುಂದಿನ ಗ್ಯಾಲರಿಯಲ್ಲಿ ಕತ್ತಲು ಇಳಿಯುತ್ತಿದೆ, ಕಾರ್ಖಾನೆಗಳ ಕಡೆಯಿಂದ ಮಳೆಯೊಂದಿಗೆ ಬರುವ ಆ ಕೊಳೆತ ವಾಸನೆ ಇವತ್ತು ಒಂದು ಕೈ ಹೆಚ್ಚೇ — ಗೋಡೆ ಬೆವರುತ್ತದೆ, ಟ್ರಂಕಿನೊಳಗಿನ ರೇಷ್ಮೆಗೆ ಬೂಸಲು, ಹಪ್ಪಳ ಬಗ್ಗಿಸಿದರೂ ಮುರಿಯುವುದಿಲ್ಲ, ಸಕ್ಕರೆ ಪಾಕವಾಗುತ್ತದೆ, ಆದರೆ ಇಡೀ ಬಿಲ್ಡಿಂಗಿನಲ್ಲಿ ಉಪ್ಪು ಮಾತ್ರ ಹರಿಣಾಕ್ಷಿಯ ಮನೆಯಲ್ಲಿ ಗರಿಗರಿ, ಅದೊಂದು ಹೆಮ್ಮೆ ಅವಳಿಗೆ, ಹುರಿದ ಅಕ್ಕಿಯ ಗಂಟನ್ನು ಭರಣಿಯೊಳಗಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಸ್ಟೋವಿನ ಪಕ್ಕದ ಹಲಗೆಯ ಮೇಲಿಡುವುದು, ಮನೆಯಲ್ಲಿ ಒಣಗಿರುವ ಜಾಗ ಅದೊಂದೇ, ಅಮ್ಮ ಉಡುಪಿ ಕಡೆಯ ಕಾಪುವಿನಲ್ಲಿ ಕಡಲ ಗಾಳಿಗೆ ಎದುರಾಗಿ ಮಾಡುತ್ತಿದ್ದದ್ದು ಹೀಗೆಯೇ. ಇವರು, ಗಂಡ ಜಯಶೀಲ, ಮೊದಲು ನಕ್ಕಿದ್ದರು, ಕೆಲಸ ಮಾಡುವ ಲ್ಯಾಬಿನಲ್ಲಿ ಗಾಜಿನ ಬಾಟಲಿ, ಬೂಚು, ಮೇಣ, ಏನೇನೋ ಇದೆಯಂತೆ, ಆದರೆ ಅದೇ ಜಯಶೀಲ ತನ್ನ ಮೀನಿನ ತೊಟ್ಟಿಯ ಗಿಡಗಳಿಗೆ ಹಾಕುವ ಗೊಬ್ಬರವನ್ನು ತಂದು ತೊಟ್ಟಿಯ ಕೆಳಗೆ ಇಟ್ಟದ್ದೇ ಇಟ್ಟದ್ದು, ಜೂನ್ ಬಂತೋ ಇಲ್ಲವೋ ಹಸಿರು ಪುಡಿ ತುಕ್ಕಿನ ಬಣ್ಣಕ್ಕೆ ತಿರುಗಿತು, ಬಾಟಲಿಯ ಚೀಟಿ ಜಾರಿ ನೆಲಕ್ಕೆ ಬಿತ್ತು, ಬಿಳಿ ಹರಳು ಒಂದಕ್ಕೊಂದು ಅಂಟಿ ಕಲ್ಲಾಯಿತು, ಚಮಚ ಹಾಕಿ ಕುಟ್ಟಿ ಚಮಚವೇ ಬಗ್ಗಿತು. ಎಂತ ಮಾಡುವುದು ಮಾರಾಯ್ತಿ, ಈ ಹವೆಯಲ್ಲಿ ಒಂದೂ ಉಳಿಯುವುದಿಲ್ಲ. ಕೊಡಿ ಇಲ್ಲಿ ಎಂದಳು ಅವಳು, ಕಲ್ಲನ್ನು ಕುಟ್ಟಿ, ಬಿಸಿಲೆಂಬುದು ಇಣುಕಿದ ಒಂದು ಮಧ್ಯಾಹ್ನ ತಟ್ಟೆಯಲ್ಲಿ ಹರವಿ, ಉಪ್ಪಿನ ಭರಣಿಯ ಜೋಡಿ ಭರಣಿಗೆ ತುಂಬಿ, ಅದಕ್ಕೂ ಒಂದು ಅಕ್ಕಿಯ ಗಂಟು, ಅದಕ್ಕೂ ಬಟ್ಟೆ, ಉಪ್ಪಿನ ಪಕ್ಕದಲ್ಲೇ ಇಟ್ಟಳು, ಬಲಗಡೆ ಉಪ್ಪು, ಎಡಗಡೆ ಗೊಬ್ಬರ, ಮದುವೆಯಲ್ಲಿ ಬಂದ ಜೋಡಿ ಭರಣಿಗಳು, ಒಂದನ್ನು ನೋಡಿದರೆ ಇನ್ನೊಂದನ್ನು ನೋಡಬೇಕಾಗಿಲ್ಲ. ಆಮೇಲೆ ಗೊಬ್ಬರ ಹರಳು ಹರಳಾಗಿಯೇ ಉಳಿಯಿತು, ಇವರು ಒಪ್ಪಿಕೊಂಡರು.

ಹತ್ತಿತು ಕಡ್ಡಿ, ದೀಪ ಹತ್ತಿತು, ಕೈ ಮುಗಿದರೆ ದೇವರ ಬದಲು ನಳಿನಾಕ್ಷಿಯ ಮುಖ ಬಂತು, ಬೆಳಿಗ್ಗೆ ಹಾಲಿನ ಸಾಲಿನಲ್ಲಿ ಕೊಡೆಯ ಕೆಳಗೆ ಬಾಯಿ ತಂದು ಪಿಸುಗುಟ್ಟಿದ ಮುಖ, ಕೆಳಗಿನ ಮನೆಯ ನಳಿನಾಕ್ಷಿಗೆ ಊರ ಸುದ್ದಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಹರಿಣಾಕ್ಷೀ, ಗೊತ್ತುಂಟಾ ನಿನಗೆ, ನಿನ್ನೆ ಸಂಜೆ ನಿನ್ನ ಎದುರು ಮನೆಯ ಗಿರಿಜಕ್ಕ ಮೊಮ್ಮಗನಿಗೆ ಉಪ್ಪಿನಲ್ಲಿ ದೃಷ್ಟಿ ತೆಗೆದು ಶೇಗಡಿಯ ಕೆಂಡಕ್ಕೆ ಹಾಕಿದ್ದಂತೆ, ಚಟಪಟ ಅಂತ ಅಲ್ಲ ಮಾರಾಯ್ತಿ, ಬುಸ್ಸಂತ ಎದ್ದಿತಂತೆ ಬೆಂಕಿ, ನೇರಳೆ ಬಣ್ಣದ ಬೆಂಕಿ, ಬಾಣಂತಿಯ ಸೆರಗಿನ ತುದಿ ಕರಟಿ ಹೋಗಿದೆ, ಬರೀ ಒಂದು ಚಿಟಿಕೆಗೆ ಹಾಗೆ, ಇನ್ನು ಎಂಥ ಕಣ್ಣು ಬಿದ್ದಿರಬೇಕು ನೋಡು. ಹಾಗೆ ಹೇಳಿ ಸುಮ್ಮನಾಗಲಿಲ್ಲ ಅವಳು, ಹಾಲಿನ ಪಾತ್ರೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿ, ನಿನ್ನೆ ಮಧ್ಯಾಹ್ನ ಮಗುವನ್ನು ಎತ್ತಿಕೊಂಡವಳು ನೀನೇ ಅಲ್ವಾ ಎಂದಳು, ನಾನು ಹೇಳುವುದಲ್ಲ ಮತ್ತೆ, ಅವರು ಕೇಳ್ತಿದ್ದರು, ಅಷ್ಟೇ. ಅಷ್ಟೇ! ಎತ್ತಿಕೊಂಡದ್ದು ಹೌದು, ಗುಂಡಗೆ ಕೆಂಪಗೆ ಟೊಮೆಟೊ ಹಾಗೆ ಉಂಟು ಎಂದದ್ದೂ ಹೌದು, ಅದು ಬೆರಳು ಹಿಡಿದುಕೊಂಡಿತ್ತು, ಬಿಡಲೇ ಇಲ್ಲ, ಬಾಣಂತಿ ಗುರಮ್ಮ ಹೊರಸಿನ ಮಂಚದ ಮೇಲಿಂದ ನಗುತ್ತಾ ಅಕ್ಕಾ ನಿಮ್ಮನ್ನ ಬಿಡಾಂಗಿಲ್ರಿ ಇಂವ ಎಂದಿದ್ದಳು, ಆಗ ಗಿರಿಜಕ್ಕ, ಅವರ ಮನೆಯವರಿಗೆ ಗಿರಿಜವ್ವ, ಒಳಗಿನಿಂದ ಬಂದು ಮಗುವನ್ನು ತೆಗೆದುಕೊಂಡದ್ದು ಸ್ವಲ್ಪ ಬೇಗ ಆಯಿತೇ, ಆಯಿತು, ಈಗ ಅನಿಸುತ್ತದೆ. ಮದುವೆಯಾಗಿ ಆರು ಮಳೆಗಾಲ, ಮಕ್ಕಳ ಬದಲು ಮೀನು ಸಾಕ್ತಾರೆ ಇವರು ಎಂದು ಬಿಲ್ಡಿಂಗಿನ ಹೆಂಗಸರು ಬೆನ್ನ ಹಿಂದೆ ಆಡಿಕೊಳ್ಳುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ, ಗೊತ್ತಿದ್ದರೂ ನಕ್ಕು ಬಿಟ್ಟಿದ್ದಳು, ಆದರೆ ಗಿರಿಜಕ್ಕ ಹಾಗೆಂದರೆ ನಗುವುದು ಹೇಗೆ, ಹೋದ ವರ್ಷ ತನಗೆ ಜ್ವರ ಬಂದು ಮಲಗಿದಾಗ ಗಂಜಿ ಮಾಡಿ ತಂದವರು ಅವರೇ, ಬಾಗಲಕೋಟೆಯ ಕಡೆಯ ಒರಟು ಮಾತು, ಬೆಣ್ಣೆಯಂಥ ಮನಸ್ಸು. ಬೆಳಿಗ್ಗೆಯಿಂದ ಎದುರಿನ ಬಾಗಿಲು ಮುಚ್ಚಿಯೇ ಇದೆ, ಯಾವತ್ತೂ ಮುಚ್ಚಿದ್ದಲ್ಲ, ಕಸದ ಬುಟ್ಟಿ ಹೊರಗಿಡಲು ಬಂದಾಗ ಗಿರಿಜವ್ವ ತಲೆ ಎತ್ತಲಿಲ್ಲ, ಇವಳು ಅಕ್ಕಾ ಎಂದದ್ದು ಅವಳ ಬೆನ್ನಿಗೆ ಬಿತ್ತು. ಮಧ್ಯಾಹ್ನ ಅಡಿಗೆ ಮಾಡಲು ಮನಸ್ಸೇ ಬರಲಿಲ್ಲ, ನಿನ್ನೆಯ ಸಾರನ್ನೇ ಬಿಸಿ ಮಾಡಿ ಎರಡು ತುತ್ತು ತಿಂದು ಮಲಗಿದಳು.

ಈಗ ಸ್ಟೋವಿನ ಮೇಲೆ ರಾತ್ರಿಯ ಗಸಿ ಕುದಿಯುತ್ತಿದೆ, ಇವರು ಬರುವ ಹೊತ್ತಾಯಿತು, ಠಾಣೆಯಲ್ಲಿ ಲೋಕಲ್ ಹಿಡಿದಿರಬಹುದು, ಮುಂಬ್ರಾದ ಹತ್ತಿರ ಹಳಿಯ ಮೇಲೆ ನೀರು ನಿಂತರೆ ಅಲ್ಲೇ ನಿಂತಿರಬಹುದು, ಉಪ್ಪು ಹಾಕಬೇಕು, ದೀಪ ಹಚ್ಚಿದ ಮೇಲೆ ತೆಗೆಯುವ ಹಾಗಾಯಿತಲ್ಲ ಎಂದು ಬಲಗಡೆಯ ಭರಣಿಯ ಬಟ್ಟೆ ಬಿಚ್ಚಿದಳು, ಕುತ್ತಿಗೆಯವರೆಗೂ ಇದೆ ಉಪ್ಪು, ನಿನ್ನೆ ಸಂಜೆ, ಸಾರಿಗೆ ಹಾಕಿ ಆದ ಮೇಲೆ, ಅವಳೇ ತುಂಬಿ ಅಂಗೈಯಿಂದ ಸವರಿ ಸಮ ಮಾಡಿದ್ದು, ಸಮವಾಗಿಯೇ ಇದೆ, ಬೆರಳುಗಳ ಗೆರೆ ಕೂಡ ಹಾಗೆಯೇ ಇದೆ. ಸಮವಾಗಿ ಇರುವುದು ಹೇಗೆ, ನಿನ್ನೆ ಗಿರಿಜಕ್ಕ ವಾಟಿ ಬಟ್ಟಲು ತುಂಬ ತೆಗೆದುಕೊಂಡು ಹೋದರಲ್ಲ — ನಿನ್ನೆ, ಇದೇ ಹೊತ್ತು, ದೀಪ ಹಚ್ಚಿ ಆಗಿತ್ತು, ಬಾಗಿಲಲ್ಲಿ ಗಿರಿಜವ್ವ, ಕೈಯಲ್ಲಿ ಸ್ಟೀಲಿನ ವಾಟಿ, ಅದು ಬೇಕಾಗಿತ್ತವಾ ತಂಗಿ, ನಮ್ಮದು ನೀರಾಗೇತಿ, ಶೇಗಡಿಗೆ ಹಾಕಿದ್ರ ಸುಂಯ್ ಅಂತೈತಿ, ಚಟಪಟ ಅನ್ನೂದಿಲ್ಲ, ದಿಷ್ಟಿ ಹೋತೋ ಬಿಟ್ಟಿತೋ ತಿಳಿಯೂದs ಇಲ್ಲ. ಮುಚ್ಚಂಜೆಯಲ್ಲಿ ಉಪ್ಪಿನ ಹೆಸರೆತ್ತುವ ಹಾಗಿಲ್ಲ, ಕೊಡುವ ಹಾಗೂ ಇಲ್ಲ, ಕೈಯಿಂದ ಕೈಗೆ ಕೊಟ್ಟರೆ ಜಗಳ, ಅದು ಉಡುಪಿಯಲ್ಲೂ ಅಷ್ಟೇ, ಬಾಗಲಕೋಟೆಯಲ್ಲೂ ಅಷ್ಟೇ, ಇಷ್ಟು ದೂರದ ಎರಡು ಊರಿನವರು ಮಾತಾಡಿಕೊಳ್ಳದೆ ಒಪ್ಪಿಕೊಂಡ ವಿಷಯ ಅದೊಂದೇ, ಅದಕ್ಕೆ ದಾರಿಯೂ ಉಂಟು, ಕೇಳಿದವಳು ತಾನೇ ತೆಗೆದುಕೊಳ್ಳುವುದು, ಮನೆಯವಳು ಮುಖ ತಿರುಗಿಸಿ ನಿಲ್ಲುವುದು, ಕೊಟ್ಟವಳೂ ಇಲ್ಲ, ನೋಡಿದವಳೂ ಇಲ್ಲ. ಹಲಗೆಯ ಕಡೆ ಗದ್ದ ತೋರಿಸಿ ಅವಳು ತಿರುಗಿ ನಿಂತಳು, ಎದುರಿಗೆ ಮೀನಿನ ತೊಟ್ಟಿ, ಒಳಗೆ ದೀಪ ಇನ್ನೂ ಹಾಕಿರಲಿಲ್ಲ, ಗಾಜು ಕನ್ನಡಿಯಂತೆ, ಪಟ್ಟಿ ಪಟ್ಟಿ ಗಿಡಗಳ ನಡುವೆ ಹಸಿರು ನೀರಿನಲ್ಲಿ ಗಿರಿಜವ್ವನ ಕೈ, ಹಸಿರು ಬಳೆಗಳನ್ನು ಮೊಣಕೈಗೆ ಸರಿಸಿಕೊಂಡ ಕೈ, ಭರಣಿಯೊಳಗೆ ಇಳಿಯುತ್ತದೆ, ಮುಷ್ಟಿಯಾಗಿ ಮೇಲೆ ಬರುತ್ತದೆ, ಮತ್ತೆ ಇಳಿಯುತ್ತದೆ, ಬಲಗಡೆಯ ಭರಣಿ, ಸರಿಯಾಗಿಯೇ ಇದೆ ಎಂದು ಸಮಾಧಾನವಾಗಿತ್ತು. ಬಲಗಡೆ. ಗಾಜಿನಲ್ಲಿ ಬಲಗಡೆ, ಅಂದರೆ ತಿರುಗಿ ನಿಂತವಳ ಬಲಗಡೆ, ಅಂದರೆ — ಅವಳು ಈಗಲೂ ತಿರುಗಿ ನಿಂತಳು, ತೊಟ್ಟಿಯನ್ನು ನೋಡಿದಳು, ಮತ್ತೆ ಹಲಗೆಯ ಕಡೆಗೆ ತಿರುಗಿದಳು, ಸಣ್ಣ ಮಗು ಬಲಗೈ ಯಾವುದು ಎಂದು ಕಲಿಯುವ ಹಾಗೆ ತನ್ನ ಕೈಯನ್ನು ತಾನೇ ಎತ್ತಿ ನೋಡಿದಳು.

ಎಡಗಡೆಯ ಭರಣಿಯ ಗಂಟು ಅವಳದ್ದಲ್ಲ, ಅವಳು ಕಟ್ಟುವುದು ಎಳೆದರೆ ಬಿಚ್ಚುವ ಸಡಿಲ ಗಂಟು, ಇದು ಜೋಳದ ಚೀಲದ ಬಾಯಿ ಕಟ್ಟಿದ ಹಾಗೆ ಬಿಗಿದ ಗಂಟು, ಉಗುರು ಹಾಕಿದರೆ ಉಗುರು ಬಾಗುತ್ತದೆ, ಹಲ್ಲಿನಿಂದ ಎಳೆದಳು, ಬಟ್ಟೆ ಹರಿಯಿತು, ಅಕ್ಕಿಯ ಗಂಟು ಪಕ್ಕಕ್ಕೆ ಸರಿದಿದೆ, ನಡುವೆ ಹೊಂಡ, ವಾಟಿಯಷ್ಟು ದೊಡ್ಡ ಹೊಂಡ. ಒಂದು ಹರಳು ನಾಲಿಗೆಗೆ ಇಟ್ಟಳು, ಉಪ್ಪುಪ್ಪು, ಆಮೇಲೆ ತಣ್ಣಗೆ, ಪುದೀನ ತಿಂದಂತೆ ತಣ್ಣಗೆ, ಆಮೇಲೆ ಕಹಿ, ಥೂ ಎಂದು ಮೋರಿಗೆ ಉಗಿದಳು, ತಿಂದಿದ್ದರೆ, ಅಯ್ಯೋ ಬಾಣಂತಿ ತಿಂದಿದ್ದರೆ, ಇಲ್ಲ, ತಿನ್ನಲು ಒಯ್ದದ್ದಲ್ಲ, ಅಡಿಗೆಗೆ ಅವರಿಗೆ ನೀರಾದ ಉಪ್ಪೇ ಸಾಕು, ಇದು ಬೆಂಕಿಗೆ, ಒಣಗಿದ್ದು ಬೇಕಾದದ್ದು ಬೆಂಕಿಗೆ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಇಳಿದದ್ದು ಅರ್ಧ ದಾರಿಯಲ್ಲೇ ನಿಂತಿತು. ಬೆಂಕಿಗೆ. ಹೋದ ವರ್ಷ ಕ್ರಿಕೆಟ್ ವಿಶ್ವಕಪ್ ಗೆದ್ದಾಗ ಊರಿಗೆ ಊರೇ ಪಟಾಕಿ ಹಾರಿಸಿತಲ್ಲ, ಗ್ಯಾಲರಿಯಲ್ಲಿ ನಿಂತು ಇವರು ಕಾಲೇಜು ಮೇಷ್ಟ್ರ ಹಾಗೆ ಶುರು ಮಾಡಿದ್ದರು, ಅದರೊಳಗೆ ಏನುಂಟು ಹೇಳು, ನಮ್ಮ ಗಿಡಕ್ಕೆ ಹಾಕುವ ಪೊಟ್ಯಾಸಿಯಮ್ ನೈಟ್ರೇಟೇ ಉಂಟು, ಊರಲ್ಲಿ ಪೆಟ್ಲುಪ್ಪು ಅಂತಾರಲ್ಲ ಅದೇ, ಅದು ತಾನಾಗಿ ಉರಿಯುವುದಿಲ್ಲ, ಆದರೆ ಕೆಂಡಕ್ಕೆ ಬಿದ್ದರೆ ಆ ಕೆಂಡಕ್ಕೆ ಹುಚ್ಚು ಹಿಡಿಸ್ತದೆ, ನೇರಳೆ ಜ್ವಾಲೆ, ನೋಡಲಿಕ್ಕೆ ಚಂದ. ನೇರಳೆ ಬಣ್ಣದ ಬೆಂಕಿ ಮಾರಾಯ್ತಿ — ಬೆಳಿಗ್ಗೆಯೇ ಕಿವಿಗೆ ಬಿದ್ದಿತ್ತು, ಎರಡು ಕಿವಿಗೂ ಬಿದ್ದಿತ್ತು, ಆದರೆ ಕಣ್ಣು ಬಿದ್ದಿರಬೇಕು ಎಂಬ ಒಂದೇ ಮಾತು ಉಳಿದು ಮಿಕ್ಕದ್ದೆಲ್ಲ ಮಳೆಗೆ ಕೊಚ್ಚಿಹೋಗಿತ್ತು, ಇಡೀ ದಿನ ಮುಖ ಊದಿಸಿಕೊಂಡು ಮಲಗಿದ್ದಳಲ್ಲ, ನನ್ನನ್ನು ಹೀಗೆಂದರು, ನನ್ನನ್ನು ಹಾಗೆಂದರು, ಎಂಥ ಹೆಂಗಸು ತಾನು. ತನ್ನ ಕಣ್ಣಲ್ಲ, ತನ್ನ ಭರಣಿ. ನಗು ಬಂತು ಒಂದು ಕ್ಷಣ, ಓಡಿಹೋಗಿ ಗಿರಿಜಕ್ಕನ ಎದುರು ಭರಣಿ ಇಟ್ಟು ನೋಡಿ ಅಕ್ಕಾ, ಇದು ನನ್ನ ದೃಷ್ಟಿ ಎನ್ನಬೇಕು, ಇಬ್ಬರೂ ನಗಬೇಕು, ಒಲೆಯ ಮೇಲೆ ಗಸಿ ಉಕ್ಕಿ ಸ್ಟೋವು ಬುಸುಗುಟ್ಟಿತು, ಅದನ್ನು ಆರಿಸಿದಳು. ಆರಿಸಿದ ಮೇಲೆ ಗ್ಯಾಲರಿಯಾಚೆಯಿಂದ ಫಡಫಡ ಎಂದು ಬೀಸಣಿಗೆಯ ಸದ್ದು ಕೇಳಿಸಿತು.

ಗಿರಿಜವ್ವ ಶೇಗಡಿಗೆ ಗಾಳಿ ಹಾಕುತ್ತಿದ್ದಾಳೆ, ಇದ್ದಿಲು ಹೊತ್ತುವ ವಾಸನೆ, ಆಮೇಲೆ ಅಜವಾನದ ಹೊಗೆ, ದಿನಾ ಸಂಜೆ ಬರುವ ವಾಸನೆ, ಬಾಣಂತಿಗೆ ಶಾಖ ಕೊಡಲು ಹೊರಸಿನ ಕೆಳಗೆ ಕೆಂಡ, ಹಗ್ಗದ ಹೊರಸು, ಮೇಲೆ ಹಳೆಯ ಸೀರೆಗಳ ಕೌದಿ, ಕೌದಿಯ ಮೇಲೆ ಗುರಮ್ಮ, ಗುರಮ್ಮನ ಮಗ್ಗುಲಲ್ಲಿ ಮಗು. ನಿನ್ನೆ ಒಂದು ಚಿಟಿಕೆ, ಸೆರಗು ಮಾತ್ರ ಕರಟಿತು. ನಳಿನಾಕ್ಷಿ ಇನ್ನೂ ಏನೋ ಹೇಳಿದ್ದಳು, ಏನು, ಹಾಲಿನವನಿಗೆ ಕೂಪನ್ನು ಕೊಡುತ್ತಾ ತಿರುಗಿ, ಇವತ್ತು ಅಮಾವಾಸ್ಯೆ ಅಲ್ವಾ, ಚಿಟಿಕೆಗೆ ಹೋಗುವ ಕಣ್ಣಲ್ಲ ಇದು, ಮುಷ್ಟಿ ತುಂಬ ತೆಗೀತೇನೆ ಅಂತ ಗಿರಿಜಕ್ಕ ಹಟ ಹಿಡಿದಿದ್ದಾರೆ. ಮುಷ್ಟಿ ತುಂಬ, ಹಸಿರು ಬಳೆಗಳ ಮುಷ್ಟಿ, ಭರಣಿಯಿಂದ ಮೇಲೆ ಬಂದ ಮುಷ್ಟಿ, ತಲೆಯಿಂದ ಕಾಲಿಗೆ ಸುತ್ತುತ್ತದೆ, ಮೂರು ಸುತ್ತು, ತನಗೆ ಜ್ವರ ಬಂದಾಗ ಹಾಗೆಯೇ ಸುತ್ತಿದ್ದರು, ತುಟಿ ಬಿಗಿಹಿಡಿದು, ಆ ಹೊತ್ತಿಗೆ ಯಾರೋ ಬಾಗಿಲು ಬಡಿದರೂ ಓಗೊಡಲಿಲ್ಲ, ಕಣ್ಣಲ್ಲೇ ಸುಮ್ಮನಿರು ಎಂದು ತನಗೂ ಗದರಿದ್ದರು, ಕೈಯಲ್ಲಿದ್ದದ್ದು ಬೆಂಕಿಗೆ ಬಿದ್ದ ಮೇಲೆಯೇ ಉಸಿರು ಬಿಟ್ಟು, ಹೂಂ, ಈಗ ಮಾತಾಡವಾ, ಕೈ ಖಾಲಿ ಆಗೂತನ ಬಾಯಿ ಬಿಟ್ರ ತೆಗದದ್ದೆಲ್ಲಾ ತಿರುಗಿ ಬರತೈತಿ ಎಂದಿದ್ದರು. ಬೀಸಣಿಗೆಯ ಸದ್ದು ನಿಂತಿತು. ನಿಂತಿತು ಅಂದರೆ ಕೆಂಡ ಹದಕ್ಕೆ ಬಂದಿದೆ, ಇವರು ಬರಲಿ, ಇವರೇ ಹೇಳಲಿ, ಗಂಡಸು ಹೇಳಿದರೆ, ಓದಿದವರು ಹೇಳಿದರೆ ಕೇಳಿಯಾರು, ರೈಲು ಎಲ್ಲಿದೆಯೋ, ಮುಂಬ್ರಾ, ದಿವಾ, ಬಾಗಿಲಿಗೆ ಜೋತುಬಿದ್ದು ಒದ್ದೆಯಾಗಿ ಬರುತ್ತಿರುವ ಜಯಶೀಲನಿಗಾಗಿ ಕೆಂಡ ಕಾಯುತ್ತದೆಯೇ. ಅವಳು ಚಪ್ಪಲಿ ಹುಡುಕಿದಳು, ಯಾಕೆ ಚಪ್ಪಲಿ, ಎದುರಿನ ಬಾಗಿಲಿಗೆ ಯಾರಾದರೂ ಚಪ್ಪಲಿ ಹಾಕಿಕೊಂಡು ಹೋಗುತ್ತಾರೆಯೇ, ಬಿಟ್ಟಳು, ಗ್ಯಾಲರಿಗೆ ಬಂದಳು.

ಗ್ಯಾಲರಿಯಲ್ಲಿ ಯಾರೂ ಇಲ್ಲ, ಪಕ್ಕದ ಜೋಶಿಯವರ ಮನೆಗೆ ಬೀಗ, ಮಳೆ ತಗಡಿನ ಮೇಲೆ ಒಂದೇ ಸಮ ಬಡಿಯುತ್ತಿದೆ, ಒದ್ದೆ ನೆಲದಲ್ಲಿ ಬರಿಗಾಲು ಜಾರಿತು, ಗೋಡೆ ಹಿಡಿದಳು, ಗಿರಿಜವ್ವನ ಬಾಗಿಲು, ಬಾಗಿಲ ಮೇಲೆ ಹೊಸದಾಗಿ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ, ಬೆಳಿಗ್ಗೆ ಇರಲಿಲ್ಲ ಅದು, ತನಗಾಗಿಯೇ ಕಟ್ಟಿದ್ದು. ಬಡಿಯಲು ಕೈ ಎತ್ತಿದಳು, ಎತ್ತಿದ ಕೈ ಹಾಗೇ ನಿಂತಿತು, ಯಾಕೆಂದರೆ ನಳಿನಾಕ್ಷಿಯ ಕೊನೆಯ ಮಾತು ಈಗ ಬಂತು, ಇಷ್ಟು ಹೊತ್ತು ಎಲ್ಲಿತ್ತೋ, ಮೆಟ್ಟಿಲಿಳಿಯುತ್ತಾ ಅರ್ಧಕ್ಕೆ ನಿಂತು ಹೇಳಿದ್ದು, ಇವತ್ತು ಗೊತ್ತಾಗಿಬಿಡ್ತದಂತೆ ಯಾರ ಕಣ್ಣು ಅಂತ, ಅಮಾವಾಸ್ಯೆ ದಿವಸ ತೆಗೆದರೆ ಕಣ್ಣು ಹಾಕಿದವರಿಗೆ ಮೈಯೆಲ್ಲಾ ಉರಿ ಹತ್ತಿ ಬಾಗಿಲಿಗೆ ಬಂದೇ ಬರ್ತಾರಂತೆ, ನೀನು ಸಂಜೆ ಮನೆಯಿಂದ ಹೊರಗೆ ಬರಬೇಡ ಮಾರಾಯ್ತಿ, ನಿನ್ನ ಒಳ್ಳೆಯದಕ್ಕೆ ಹೇಳುವುದು. ಬಡಿದರೆ ಕಣ್ಣು ಹಾಕಿದವಳು ತಾನೇ. ಬಡಿದ ಕ್ಷಣದಿಂದ ತಾನೇ, ಇವತ್ತಿಗಲ್ಲ, ಈ ಬಿಲ್ಡಿಂಗಿನಲ್ಲಿ ಇರುವಷ್ಟು ದಿನವೂ, ಭರಣಿ ತಂದು ತೋರಿಸಿದರೂ, ಇವರು ಬಂದು ಮೇಷ್ಟ್ರ ಹಾಗೆ ವಿವರಿಸಿದರೂ ಅಷ್ಟೇ, ಬಸುರಿಯರು ಮೆಟ್ಟಿಲ ಮೇಲೆ ಗೋಡೆಯ ಕಡೆಗೆ ತಿರುಗುತ್ತಾರೆ, ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ, ಅರಸಿನ ಕುಂಕುಮಕ್ಕೆ ಕರೆಯುವುದಿಲ್ಲ, ಬಂಜೆ ಎಂದು ಬೆನ್ನ ಹಿಂದೆ ಅನ್ನುತ್ತಿದ್ದವರು ಇನ್ನು ಎದುರಿಗೇ ಬೇರೊಂದು ಅನ್ನುತ್ತಾರೆ. ಕೂಗಿ ಹೇಳಿ ಓಡಿಬಿಡಲೇ, ಕೂಗಿದರೂ ಬಂದ ಹಾಗೆಯೇ. ಕೆಳಗೆ ಹೋಗಿ ನಳಿನಾಕ್ಷಿಯನ್ನು ಕಳಿಸಲೇ, ಅವಳು ಯಾಕೆ ಏನು ಎಂದು ಕೇಳಿ ಮುಗಿಸುವಷ್ಟರಲ್ಲಿ — ಬಾಗಿಲ ಸಂದಿನಿಂದ ಬಿಸಿ ಹೊಗೆ ಕಾಲ್ಬೆರಳಿಗೆ ತಾಗಿತು, ಒಳಗೆ ಗುರಮ್ಮ ಕೆಮ್ಮಿದಳು, ಮಗು ಒಮ್ಮೆ ಕುಂಯ್ ಎಂದು ಸುಮ್ಮನಾಯಿತು, ಬಳೆಗಳ ಸದ್ದು, ಸುತ್ತುವ ಬಳೆಗಳ ಸದ್ದು, ಒಂದು, ಮುಷ್ಟಿ ತಲೆಯಿಂದ ಕಾಲಿಗೆ ಇಳಿಯುತ್ತಿದೆ, ನಿನ್ನ ಬೆರಳು ಹಿಡಿದಿತ್ತಲ್ಲೇ ಅದು, ಬಿಡಲಿಲ್ಲವಲ್ಲೇ, ಎಂತ ಯೋಚನೆ ಮಾಡ್ತೀ ಇಲ್ಲಿ ನಿಂತು, ನಿನ್ನ ಹೆಸರಿಗೆ ಬೆಂಕಿ ಬೀಳಲಿ.

ಎರಡೂ ಅಂಗೈಯಿಂದ ಬಡಿದಳು, ನಿಂಬೆಹಣ್ಣು ಉದುರಿ ಕಾಲ ಬಳಿ ಉರುಳಿತು, ಗಿರಿಜಕ್ಕಾ, ಹಾಕಬೇಡಿ, ಅದು ಉಪ್ಪಲ್ಲ, ಬೇರೆ ಭರಣಿಯದ್ದು, ನಮ್ಮ ಗಿಡದ ಗೊಬ್ಬರ ಅಕ್ಕಾ, ಬೆಂಕಿಗೆ ಹಾಕಬೇಡಿ, ಮಗುವನ್ನು ಎತ್ತಿಕೊಳ್ಳಿ, ಗುರಮ್ಮಾ, ಇಳಿ, ಹೊರಸಿನಿಂದ ಇಳಿಯೇ — ಮಳೆ ಒಂದು ಕಡೆ, ಅವಳ ಸ್ವರ ಒಂದು ಕಡೆ, ಒಳಗಿನಿಂದ ಮಾತಿಲ್ಲ, ಚಿಲಕದ ಸದ್ದಿಲ್ಲ, ಮಾತಿಲ್ಲ, ಮಾತಿಲ್ಲದಿದ್ದರೆ ಒಳ್ಳೆಯದೇ, ಸುತ್ತು ಮುಗಿದಿಲ್ಲ, ತುಟಿ ಬಿಗಿಹಿಡಿದಿದ್ದಾರೆ, ಮುಷ್ಟಿ ಇನ್ನೂ ಮುಚ್ಚಿಯೇ ಇದೆ, ಹಸಿರು ಬಳೆಗಳ ಮುಷ್ಟಿ, ಹಸಿರು ನೀರಿನೊಳಗಿನ ಮುಷ್ಟಿ, ಮುಚ್ಚಿಯೇ ಇರಲಿ, ಸಿಟ್ಟು ಬಂದು ಆ ಮುಷ್ಟಿಯಿಂದಲೇ ಬಾಗಿಲು ತೆಗೆದು ನನ್ನ ಮುಖಕ್ಕೆ ಎರಚಲಿ, ಎರಚಲಿ ದೇವರೇ, ಭುಜದಿಂದ ನೂಕಿದಳು, ಬಾಗಿಲು ಮಳೆಗೆ ಊದಿಕೊಂಡು ಚೌಕಟ್ಟಿಗೆ ಕಚ್ಚಿಕೊಂಡಿದೆ, ಅಕ್ಕಾ, ಮಾತಾಡಬೇಡಿ, ಬರೇ ಬಾಗಿಲು ತೆಗೆಯಿರಿ, ಮಾತಾಡಬೇಡಿ — ಆಗ ಒಳಗಿನಿಂದ ಗಿರಿಜವ್ವನ ದನಿ ಬಂತು, ಸಿಟ್ಟಿಲ್ಲ, ಗಾಬರಿಯಿಲ್ಲ, ದೊಡ್ಡ ಕೆಲಸ ಮುಗಿಸಿದವರ ನಿರಾಳ ದನಿ, ಬಂದ್ಲು ನೋಡ ಗುರಮ್ಮಾ, ನಾ ಹೇಳಿದ್ದಿಲ್ಲೇನು, ಬಂದs ಬಂದ್ಲು. ಮಾತಾಡಿದರು. ಗಿರಿಜಕ್ಕ ಮಾತಾಡಿದರು, ಕೈ ಖಾಲಿಯಾಗದೆ ಬಾಯಿ ಬಿಡದ ಗಿರಿಜಕ್ಕ — ಕೈ — ಹಸಿರು ಬಳೆ, ಕೆಂಡದ ಮೇಲೆ ಚಾಚಿದ ಕೈ, ಮುಷ್ಟಿಯಲ್ಲ, ಬಿಚ್ಚಿದ ಕೈ, ಹೊರಸಿನ ಕೆಳಗೆ, ಬಿಚ್ಚಿದ ಬರಿಗೈ.